ಬಾಲ್ ಬಾರದ ಕಡೆ ನಿಂತವನು: ಐಎಸ್‌ಎಲ್ ಡ್ರಾಫ್ಟ್‌ಗಳು (2014–2017) ಮತ್ತು ಕಾಸರಗೋಡಿನ ಕಾಲೇಜು ಬ್ಯಾಕ್‌ಗಳು

ನಮ್ಮ ಆನ್‌ಲೈನ್ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಶಾಸನ, ಕಾವ್ಯ, ಗಡಿನಾಡಿನ ಭಾಷೆ ಇಂಥ ವಿಷಯಗಳು ಬರುತ್ತವೆ. ಕನ್ನಡ ಎಂ.ಎ. ಓದುವವನಿಗೆ ಫುಟ್‌ಬಾಲ್ ಯಾಕೆ ಅಂತ ಇಬ್ಬರು ಗೆಳೆಯರು ಮೊದಲೇ ಕೇಳಿದ್ದಾರೆ. ಉತ್ತರವನ್ನು ಒಂದು ಪ್ರಶ್ನೆಯಾಗಿಯೇ ಇಡುತ್ತೇನೆ. ನಡೆದ ಘಟನೆಗೆ ದಾಖಲೆ ಇರುತ್ತದೆ. ಒಬ್ಬ ಮನುಷ್ಯ ನಿಂತಿದ್ದರಿಂದಲೇ ನಡೆಯದೆ ಹೋದ ಘಟನೆಗೆ ದಾಖಲೆ ಎಲ್ಲಿರುತ್ತದೆ? ಇದು ಚರಿತ್ರೆಯ ಪ್ರಶ್ನೆ. ಫುಟ್‌ಬಾಲಿನಲ್ಲಿ ಇದು ಬ್ಯಾಕ್ ಆಡುವವನ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ವೀರಗಲ್ಲುಗಳಿಂದ ಶುರು ಮಾಡುತ್ತೇನೆ, ಅದು ನಮಗೆಲ್ಲ ಗೊತ್ತಿರುವ ಜಾಗ. ತುರುಗಾಳಗದಲ್ಲಿ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ. ಸರಿ. ಆದರೆ ಪಕ್ಕದ ಊರಿನಲ್ಲಿ ಗಟ್ಟಿ ಕಾವಲುಗಾರನೊಬ್ಬ ಇದ್ದ, ಅವನಿದ್ದಾನೆಂದೇ ಯಾರೂ ಆ ಊರಿನ ದನಕ್ಕೆ ಕೈಹಾಕಲಿಲ್ಲ ಅಂತಿಟ್ಟುಕೊಳ್ಳಿ. ಅವನಿಗೆ ಕಲ್ಲಿಲ್ಲ. ಕಾಳಗವೇ ಆಗಲಿಲ್ಲವಲ್ಲ, ಕೆತ್ತುವುದು ಏನನ್ನು? ಒಳ್ಳೆಯ ಬ್ಯಾಕ್ ಆ ಎರಡನೆಯ ಊರಿನವನು.

ಈಗ ವಿಷಯಕ್ಕೆ ಬರುತ್ತೇನೆ. ಇಂಡಿಯನ್ ಸೂಪರ್ ಲೀಗ್ 2014ರ ಅಕ್ಟೋಬರಿನಲ್ಲಿ ಶುರುವಾಯಿತು. ಅದಕ್ಕೆ ಮೊದಲು, ಜುಲೈ 22 ಮತ್ತು 23ರಂದು ಮುಂಬೈಯಲ್ಲಿ ಭಾರತೀಯ ಆಟಗಾರರ ಡ್ರಾಫ್ಟ್ ನಡೆಯಿತು. ಡ್ರಾಫ್ಟ್ ಅಂದರೆ ಹರಾಜು ಅಲ್ಲ. ಆಟಗಾರನ ಬೆಲೆ ಮೊದಲೇ ಗೊತ್ತಾಗಿರುತ್ತದೆ, ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಆ ಸಲ 84 ಆಟಗಾರರು ಆರು ತಂಡಗಳಿಗೆ ಹಂಚಿಹೋದರು, ತಂಡಕ್ಕೆ 14 ಮಂದಿ. 2015ರಲ್ಲಿ ಹತ್ತು ಆಟಗಾರರಿಗೆ ಹರಾಜು, ಉಳಿದವರಿಗೆ ಡ್ರಾಫ್ಟ್. 2017ರ ಜುಲೈ 23ರಂದು ಮತ್ತೊಂದು ಡ್ರಾಫ್ಟ್. ಆಮೇಲೆ ಆ ಪದ್ಧತಿ ನಿಂತೇ ಹೋಯಿತು, ತಂಡಗಳು ನೇರವಾಗಿ ಒಪ್ಪಂದ ಮಾಡಿಕೊಳ್ಳತೊಡಗಿದವು.

ನಮ್ಮ ಜಿಲ್ಲೆಗೆ ಈ ಕಥೆಯಲ್ಲಿ ಪಾಲು ಉಂಟು. ತ್ರಿಕ್ಕರಿಪ್ಪುರದ ಮುಹಮ್ಮದ್ ರಾಫಿ 2014ರಲ್ಲಿ ಅಟ್ಲೆಟಿಕೊ ಡಿ ಕೋಲ್ಕತ್ತ ತಂಡದಲ್ಲಿದ್ದರು, ಆಮೇಲೆ ಕೇರಳ ಬ್ಲಾಸ್ಟರ್ಸ್‌ಗೆ ಬಂದರು. 2016ರ ಡಿಸೆಂಬರ್ 18ರಂದು ಕೊಚ್ಚಿಯ ಫೈನಲಿನಲ್ಲಿ ಕಾರ್ನರಿನಿಂದ ಬಂದ ಬಾಲಿಗೆ ಅವರು ತಲೆಕೊಟ್ಟು ಹೊಡೆದ ಗೋಲು ಇಲ್ಲಿಯ ಹುಡುಗರಿಗೆ ಇನ್ನೂ ಬಾಯಿಪಾಠ. ಅದೇ ಪಂದ್ಯದಲ್ಲಿ ಬ್ಲಾಸ್ಟರ್ಸ್‌ನ ಹಿಂದಿನ ಸಾಲಿನಲ್ಲಿ ಯಾರಿದ್ದರು ಅಂತ ಕೇಳಿ ನೋಡಿ. ಸಂದೇಶ್ ಜಿಂಗನ್ ಹೆಸರು ಬರಬಹುದು. ಸೆಡ್ರಿಕ್ ಹೆಂಗ್‌ಬಾರ್ಟ್ ಹೆಸರು ಬಂದರೆ ಅದು ಕೊನೆಯ ಪೆನಾಲ್ಟಿಗಳಲ್ಲಿ ಅವರದ್ದು ತಪ್ಪಿಹೋದ ಕಾರಣಕ್ಕೆ. ಇಡೀ ಸೀಸನ್ ತಡೆದದ್ದು ಮರೆತುಹೋಯಿತು, ತಪ್ಪಿದ ಒಂದು ಒದೆ ಉಳಿಯಿತು.

ತ್ರಿಕ್ಕರಿಪ್ಪುರದವರೇ ಆದ ಎಂ. ಸುರೇಶ್ ಭಾರತ ತಂಡಕ್ಕೆ ಆಡಿದ ಡಿಫೆಂಡರ್. ನಾನು ಕುಂಬಳೆ ಕಡೆಯ ಹತ್ತಾರು ಹುಡುಗರ ಹತ್ತಿರ ಮಾತಾಡಿದೆ. ರಾಫಿ ಎಲ್ಲರಿಗೂ ಗೊತ್ತು, ಸುರೇಶ್ ಗೊತ್ತಿದ್ದವರು ಇಬ್ಬರೇ. ಹತ್ತು ಮಂದಿಯ ಮಾತು ಸಮೀಕ್ಷೆ ಅಲ್ಲ, ಒಪ್ಪುತ್ತೇನೆ. ಆದರೂ ಅದು ಏನೋ ಹೇಳುತ್ತದೆ.

ಇಲ್ಲಿ ನನ್ನ ಮನೆಯ ಒಂದು ಸಂಗತಿ ಹೇಳಬೇಕು, ಈ ಪ್ರಬಂಧ ಹುಟ್ಟಿದ್ದೇ ಅಲ್ಲಿಂದ. ನನ್ನ ದೊಡ್ಡಪ್ಪನ ಮಗ ಕಾಲೇಜು ತಂಡಕ್ಕೆ ಮೂರು ವರ್ಷ ಸ್ಟಾಪರ್ ಬ್ಯಾಕ್ ಆಡಿದವ. ಒಂದು ತಂಡದ ಆಯ್ಕೆಗೆ ಹೋದ. ಹೆಸರು ಬೇಡ. ಎದೆಗೆ ನಂಬರು ಕಟ್ಟಿ ಇಪ್ಪತ್ತು ನಿಮಿಷ ಆಡಿಸಿದರು, ಆಮೇಲೆ ಪಟ್ಟಿ ಓದಿದರು. ಅವನ ನಂಬರು ಇರಲಿಲ್ಲ. ರಾತ್ರಿ ಮನೆಗೆ ಬಂದು ಅವ ಹೇಳಿದ್ದು ಇಷ್ಟೇ: “ನಾನು ಇದ್ದ ಕಡೆ ಬಾಲೇ ಬರ್ಲಿಲ್ಲ ಮಾರಾಯ. ಹೇಗೆ ತೋರಿಸುದು?”

ಆಗ ನನಗೆ ಅದು ನೆಪದ ಹಾಗೆ ಕೇಳಿಸಿತ್ತು. ಈಗ ಅದರಲ್ಲಿ ಎರಡು ಅರ್ಥ ಕಾಣುತ್ತದೆ. ಅದೃಷ್ಟ ಇರಲಿಲ್ಲ ಅನ್ನುವುದು ಒಂದು. ಅವ ನಿಂತ ಜಾಗ ಸರಿಯಾಗಿತ್ತು, ಎದುರಿನವರು ಆ ದಾರಿ ಬಿಟ್ಟು ಬೇರೆ ಕಡೆಯಿಂದ ಹೋದರು ಅನ್ನುವುದು ಇನ್ನೊಂದು. ಇವೆರಡರಲ್ಲಿ ಯಾವುದು ನಿಜ ಅಂತ ಇಪ್ಪತ್ತು ನಿಮಿಷದಲ್ಲಿ ಹೇಳಲು ಯಾರಿಂದಲೂ ಆಗುವುದಿಲ್ಲ. ಅವ ಇನ್ನೊಂದು ಮಾತೂ ಹೇಳಿದ್ದ. ಸ್ಟಾಪರ್‌ನ ಅರ್ಧ ಕೆಲಸ ಬಾಯಿಯದ್ದು. ನಮ್ಮ ಮೈದಾನದಲ್ಲಿ ಅವ ತುಳು, ಮಲಯಾಳ, ಕನ್ನಡ ಮೂರನ್ನೂ ಸೇರಿಸಿ ಬೊಬ್ಬೆ ಹೊಡೆದು ಇಡೀ ಸಾಲನ್ನು ನಡೆಸುತ್ತಿದ್ದ. ಆಯ್ಕೆಯ ದಿನ ಪಕ್ಕದಲ್ಲಿದ್ದವರ ಹೆಸರೇ ಗೊತ್ತಿಲ್ಲ. ಹೆಸರು ಗೊತ್ತಿಲ್ಲದವನನ್ನು ಕರೆಯುದು ಹೇಗೆ?

ಈಗ ಐಎಸ್‌ಎಲ್ ಡ್ರಾಫ್ಟಿನಲ್ಲಿ ಬ್ಯಾಕ್‌ಗಳಿಗೆ ಬೆಲೆ ಹೇಗೆ ಬಂತು ನೋಡೋಣ. ಎರಡು ಉದಾಹರಣೆ ಸಾಕು.

ಮೊದಲನೆಯದು 2015ರ ಹರಾಜು. ತೃಶ್ಶೂರಿನ ರಿನೊ ಆಂಟೊ ಅವರ ಮೂಲಬೆಲೆ 17.5 ಲಕ್ಷ. ಅಟ್ಲೆಟಿಕೊ ಡಿ ಕೋಲ್ಕತ್ತ ಕೊಟ್ಟದ್ದು 90 ಲಕ್ಷ. ಅವರು ಬಲಬದಿಯ ಬ್ಯಾಕ್, ಗೆರೆಯ ಗುಂಟ ಮುಂದೆ ಓಡಿ ಕ್ರಾಸ್ ಕೊಡುವವರು. ಅವರ ತಡೆಯುವ ಶಕ್ತಿಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಬದಿಯ ಬ್ಯಾಕ್‌ನ ಕೆಲಸದಲ್ಲಿ ಒಂದು ಪಾಲು ಗ್ಯಾಲರಿಗೆ ಕಾಣುತ್ತದೆ, ಟಿವಿಗೂ ಕಾಣುತ್ತದೆ. ನಡುವಿನ ಸ್ಟಾಪರ್‌ಗೆ ಆ ಅನುಕೂಲ ಇಲ್ಲ.

ಎರಡನೆಯದು 2017. ನನ್ನ ವಾದ ನೇರವಾಗಿದ್ದರೆ ಆ ವರ್ಷ ಸ್ಟಾಪರ್‌ಗಳು ಪಟ್ಟಿಯ ತಳದಲ್ಲಿ ಇರಬೇಕಿತ್ತು. ಆದದ್ದು ತಿರುಗುಮುರುಗು. ಇಡೀ ಡ್ರಾಫ್ಟಿನ ಮೊದಲ ಆಯ್ಕೆಯೇ ಒಬ್ಬ ಸ್ಟಾಪರ್, ಮಲಪ್ಪುರಂ ಜಿಲ್ಲೆಯ ಕೊಂಡೋಟಿಯ ಅನಸ್ ಎಡತೊಡಿಕ. ಬೆಲೆ 1.10 ಕೋಟಿ, ಆರಿಸಿದ್ದು ಹೊಸ ತಂಡವಾದ ಜಮ್ಶೆಡ್‌ಪುರ. ಹಾಗಾದರೆ ಸ್ಟಾಪರ್‌ನನ್ನೂ ಗುರುತಿಸುತ್ತಾರಲ್ಲ?

ಗುರುತಿಸುತ್ತಾರೆ. ಆದರೆ ಎಷ್ಟು ಹೊತ್ತಿಗೆ? ಅನಸ್ 2007ರಲ್ಲಿ ಮುಂಬೈ ಎಫ್‌ಸಿಗೆ ಸೇರಿದವರು. ಅಲ್ಲಿಂದ ಪುಣೆ ಎಫ್‌ಸಿ, ರಾಬರ್ಟೊ ಕಾರ್ಲೋಸ್ ತರಬೇತುದಾರರಾಗಿದ್ದ ಡೆಲ್ಲಿ ಡೈನಮೋಸ್, ಮೋಹನ್ ಬಗಾನ್. ಭಾರತ ತಂಡಕ್ಕೆ ಮೊದಲ ಸಲ ಆಡಿದ್ದು 2017ರ ಮಾರ್ಚಿನಲ್ಲಿ, 30ನೇ ವಯಸ್ಸಿನಲ್ಲಿ. ಜುಲೈಯಲ್ಲಿ ಮೊದಲ ಆಯ್ಕೆ. ಅಂದರೆ ಹತ್ತು ವರ್ಷದಲ್ಲಿ ಹಲವು ತರಬೇತುದಾರರು ಅವರನ್ನು ವಾರವಾರ ನೋಡಿದ ಮೇಲೆ ಆ ಬೆಲೆ ಬಂತು. ಸ್ಟಾಪರ್‌ನ ಬೆಲೆ ನಿಧಾನವಾಗಿ ಕೂಡಿಬರುವ ಬೆಲೆ ಅಂತ ನಾನು ಓದುತ್ತೇನೆ. ಹತ್ತು ವರ್ಷ ಕಾಯುವ ಶಕ್ತಿ ಇದ್ದವನಿಗೆ ಅದು ಸಿಗುತ್ತದೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಮನೆಗೆ ಸಂಬಳ ತರಬೇಕಾದ ಕಾಲೇಜು ಹುಡುಗ ಏನು ಮಾಡಬೇಕು?

ಹಿಂದಿನ ಏಣಿ ಬೇರೆ ಇತ್ತು. ಊರಿನ ಕ್ಲಬ್ಬು, ಕಾಲೇಜು, ವಿಶ್ವವಿದ್ಯಾನಿಲಯ ತಂಡ, ಜಿಲ್ಲಾ ತಂಡ, ಸಂತೋಷ್ ಟ್ರೋಫಿ, ಆಮೇಲೆ ಪೊಲೀಸ್, ಬ್ಯಾಂಕು, ವಿದ್ಯುತ್ ಮಂಡಳಿಯಂಥ ಇಲಾಖೆಯಲ್ಲಿ ಕ್ರೀಡಾ ಕೋಟಾದ ಕೆಲಸ. ಕಾಸರಗೋಡಿನ ಕಾಲೇಜುಗಳು ಮೊದಲು ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಕೆಳಗೆ, 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ ಆದ ಮೇಲೆ ಅದರ ಕೆಳಗೆ. ಕೇರಳ ಪೊಲೀಸ್ ತಂಡ 1990ರಲ್ಲೂ 1991ರಲ್ಲೂ ಫೆಡರೇಶನ್ ಕಪ್ ಗೆದ್ದಿತು. ಅದರ ಆಧಾರಸ್ತಂಭ ಪಕ್ಕದ ಕಣ್ಣೂರು ಜಿಲ್ಲೆಯ ವಿ.ಪಿ. ಸತ್ಯನ್, ಅವರೂ ಸ್ಟಾಪರ್. 1992ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಕೇರಳದ ನಾಯಕ, ಭಾರತದ ನಾಯಕರೂ ಆದರು. 2018ರಲ್ಲಿ ಬಂದ ‘ಕ್ಯಾಪ್ಟನ್’ ಅನ್ನುವ ಮಲಯಾಳ ಸಿನಿಮಾ ಅವರ ಬದುಕಿನ ಮೇಲೆಯೇ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಶಿಫಾರಸು, ಪಕ್ಷಪಾತ ಆಗಲೂ ಇದ್ದಿರಬಹುದು. ಆದರೆ ಆ ಏಣಿಯ ಪ್ರತಿ ಮೆಟ್ಟಿಲಿನಲ್ಲಿ ಹುಡುಗನನ್ನು ನೋಡುವುದಕ್ಕೆ ಒಂದು ಟೂರ್ನಮೆಂಟಿನಷ್ಟಾದರೂ ಹೊತ್ತು ಇತ್ತು. ಐಎಸ್‌ಎಲ್ ಡ್ರಾಫ್ಟಿಗೆ ಬಂದವರು ಹೆಚ್ಚಾಗಿ ಆಗಲೇ ಐ-ಲೀಗ್ ಆಡಿದವರು. ಕಾಲೇಜಿನಿಂದ ನೇರ ಅಲ್ಲಿಗೆ ಹೋಗುವ ಬಾಗಿಲು ಕಾಣಲಿಲ್ಲ.

ಕಾಲೇಜಿನಿಂದಲೇ ನೇರ ಆರಿಸುವ ದೇಶದಲ್ಲಿ ಹೇಗೆ? ಅಮೆರಿಕದ ಫುಟ್‌ಬಾಲ್ ನಮ್ಮದಲ್ಲ, ಬಾಲನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಆಟ. ಅದರಲ್ಲಿ ‘ಸೇಫ್ಟಿ’ ಅನ್ನುವ ಸ್ಥಾನ ಉಂಟು. ಎಲ್ಲರಿಗಿಂತ ಹಿಂದೆ ನಿಂತು, ಮುಂದಿನವರು ತಪ್ಪಿದರೆ ತಡೆಯಬೇಕಾದವನು. ಅಲ್ಲಿ ಡ್ರಾಫ್ಟಿಗೆ ಮೊದಲು ಕಾಲೇಜು ಆಟಗಾರರನ್ನು ಇಂಡಿಯಾನಾಪೊಲಿಸ್‌ನಲ್ಲಿ ಒಟ್ಟು ಸೇರಿಸಿ ಎತ್ತರ, ತೂಕ, ನೆಗೆತ, 40 ಗಜದ ಓಟ ಎಲ್ಲವನ್ನೂ ಅಳೆಯುತ್ತಾರೆ. 2022ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಕೈಲ್ ಹ್ಯಾಮಿಲ್ಟನ್ ಅನ್ನುವ ಸೇಫ್ಟಿ ಆ ಓಟಕ್ಕೆ 4.59 ಸೆಕೆಂಡು ತೆಗೆದುಕೊಂಡರು. ನಿಧಾನ ಆಯಿತು ಅಂತ ಮಾತು ಬಂತು. ಕೊನೆಗೆ ಬಾಲ್ಟಿಮೋರ್ ರೇವನ್ಸ್ ಅವರನ್ನು 14ನೆಯವರಾಗಿ ಆರಿಸಿತು. ಮರುವರ್ಷ, 2023ರ ಸೀಸನ್ನಿನಲ್ಲಿ, ಅವರು ಲೀಗಿನ ಅತ್ಯುತ್ತಮರ ‘ಆಲ್-ಪ್ರೊ’ ಮೊದಲ ತಂಡದಲ್ಲಿದ್ದರು. ನೇರ ಗೆರೆಯಲ್ಲಿ ಓಡುವುದನ್ನು ಗಡಿಯಾರ ಅಳೆಯಿತು. ಬಾಲ್ ಎಲ್ಲಿಗೆ ಬರುತ್ತದೆ ಅಂತ ಮೊದಲೇ ತಿಳಿದು ಅರ್ಧ ಸೆಕೆಂಡು ಮುಂಚೆ ಹೊರಡುವುದನ್ನು ಅದು ಅಳೆಯಲಿಲ್ಲ.

ಆದರೆ ಒಂದು ವ್ಯತ್ಯಾಸ ಮರೆಯಬಾರದು. ಹ್ಯಾಮಿಲ್ಟನ್ ಕಾಲೇಜಿನಲ್ಲಿ ಆಡಿದ ಪಂದ್ಯಗಳ ಚಿತ್ರೀಕರಣ ಇತ್ತು. ಗಡಿಯಾರ ಹೇಳಿದ್ದನ್ನು ಚಿತ್ರ ಇಟ್ಟು ಪ್ರಶ್ನಿಸಬಹುದಿತ್ತು, ಅದನ್ನು ನೋಡಿ ಆರಿಸಿದವರೂ ಇದ್ದರು. ನನ್ನ ಅಣ್ಣನ ಪರವಾಗಿ ಎತ್ತಿ ತೋರಿಸಲು ಏನಿತ್ತು? ಅವನ ಕಾಲೇಜು ತಂಡದ ನೋಟ್‌ಬುಕ್ಕನ್ನು ನಾನು ನೋಡಿದ್ದೇನೆ. ಹೆಸರು, ತರಗತಿ, ಆಡಿದ ಪಂದ್ಯ, ಹೊಡೆದ ಗೋಲು. ನಾಲ್ಕು ಕಾಲಂ. ಮೂರು ವರ್ಷ ಅವನ ಹೆಸರಿನ ಮುಂದೆ ನಾಲ್ಕನೆಯ ಕಾಲಂನಲ್ಲಿ ಒಂದು ಅಡ್ಡಗೆರೆ. ಬರೆದವರ ತಪ್ಪಲ್ಲ. ಕಾಲಂ ಇಲ್ಲದ್ದನ್ನು ಬರೆಯುವುದು ಎಲ್ಲಿ?

ಇಷ್ಟು ನನ್ನ ಪ್ರಬಂಧ. ಚರ್ಚೆಯಲ್ಲಿ ಬಂದ ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ಅಧ್ಯಾಪಕರು ಕೇಳಿದರು: “ಹಾಗಾದರೆ ಅಳೆಯುವುದೇ ಬೇಡ ಅಂತಲಾ? ಎಲ್ಲ ಸೋತವರೂ ನನ್ನದು ಕಾಣದ ಕೆಲಸ ಅಂತ ಹೇಳಬಹುದಲ್ಲ?”

ಇದು ಸರಿಯಾದ ಪೆಟ್ಟು, ಸರ್. ನನ್ನ ಅಣ್ಣ ದೊಡ್ಡ ಆಟಗಾರ ಆಗುತ್ತಿದ್ದ ಅಂತ ನಾನು ಹೇಳಲಾರೆ. ಹಾಗೆ ಹೇಳುವುದಕ್ಕೂ ದಾಖಲೆ ಇಲ್ಲ, ನನ್ನ ದೂರು ಅದೇ. ಅವ ಚೆನ್ನಾಗಿ ಆಡಿದನಾ ಇಲ್ಲವಾ ಅನ್ನುವುದನ್ನು ತೀರ್ಮಾನಿಸಲು ಬೇಕಾದ ಸಾಮಗ್ರಿಯನ್ನೇ ನಾವು ಇಟ್ಟುಕೊಳ್ಳಲಿಲ್ಲ. ಅಳೆಯಬೇಡಿ ಅಂತಲ್ಲ, ಕಾಲಂ ಹೆಚ್ಚಿಸಿ ಅಂತ ನನ್ನ ಮಾತು.

ಹೋದ ಬೇಸಿಗೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆವು. ಅವ ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಭಾನುವಾರ ಊರಿಗೆ ಬಂದರೆ ಸೆವೆನ್ಸ್ ಆಡುತ್ತಾನೆ. ನಾನು ಬದಿಯಲ್ಲಿ ಕೂತು ಬಾಲನ್ನು ಬಿಟ್ಟು ಅವನನ್ನು ಮಾತ್ರ ನೋಡಿದೆ. ಎದುರಿನವ ತಲೆ ಎತ್ತಿ ನೋಡಿ, ಇವ ಇದ್ದಾನೆಂದು ಬಾಲನ್ನು ಹಿಂದಕ್ಕೆ ಕೊಟ್ಟ ಪ್ರತಿ ಸಲಕ್ಕೂ ಪುಸ್ತಕದಲ್ಲಿ ಒಂದು ಗೀಟು ಎಳೆದೆ. ಆಟ ಮುಗಿಯುವಾಗ ಹನ್ನೊಂದು ಗೀಟು. ಬಾಲ್ ಅವನ ಕಾಲಿಗೆ ತಾಗಿದ್ದು ಅದಕ್ಕಿಂತ ಕಡಿಮೆ ಸಲ.

ಪುಸ್ತಕ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಅವ ಹೇಳಿದ: “ಇದನ್ನು ಮೊದಲೇ ಬರೀಬೇಕಿತ್ತು.” ಆಮೇಲೆ ಬೂಟಿನ ಮಣ್ಣು ಕೊಡವಿಕೊಂಡು ಬಸ್ಸಿಗೆ ಹೊರಟ.

ನಮ್ಮ ಕಾಲೇಜುಗಳಲ್ಲಿ ಈಗಲೂ ಬ್ಯಾಕ್ ಆಡುವ ಹುಡುಗರು, ಹುಡುಗಿಯರು ಇದ್ದಾರೆ. ನಿಮ್ಮಲ್ಲಿ ಯಾರಾದರೂ ಪಂದ್ಯ ನೋಡಲು ಹೋದರೆ ಅರ್ಧ ಗಂಟೆ ಅವರಲ್ಲಿ ಒಬ್ಬರನ್ನು ಮಾತ್ರ ನೋಡಿ, ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ.