ಒಂದು ಸೂತ್ರದ ಹಲವು ಜನ್ಮಗಳು: ವೈದ್ಯಕೀಯ ಬಿಂಬವಿಜ್ಞಾನದ ಚರಿತ್ರೆಯಿಂದ ಒಂದು ಪಾಠ

ವೈದ್ಯಕೀಯ ಬಿಂಬವಿಧಾನಗಳನ್ನೂ ಬಿಂಬಸಂಸ್ಕರಣವನ್ನೂ ಸ್ನಾತಕೋತ್ತರ ತರಗತಿಗಳಲ್ಲಿ ವ್ಯಾಸಂಗ ಮಾಡುವವರು ಭೌತಶಾಸ್ತ್ರ, ಗಣಿತ, ಇಂಜಿನಿಯರಿಂಗ್, ಅಂಗರಚನಾಶಾಸ್ತ್ರ ಈ ನಾಲ್ಕರಲ್ಲಿಯೂ ಪರಿಶ್ರಮವನ್ನು ಪಡೆಯಬೇಕಾಗುತ್ತದೆ. ಇದನ್ನು ಅನಾವಶ್ಯಕವಾದ ಹೊರೆಯೆಂದು ಭಾವಿಸುವ ವಿದ್ಯಾರ್ಥಿಗಳುಂಟು. ಆದರೆ ಈ ಶಾಸ್ತ್ರದ ಚರಿತ್ರೆಯನ್ನು ಪರಿಶೀಲಿಸಿದರೆ, ಒಂದು ಶಾಸ್ತ್ರದವರು ಇನ್ನೊಂದರ ಕಡೆಗೆ ನೋಡದೆ ಇದ್ದುದರಿಂದ ಎಷ್ಟು ಕಾಲ ವ್ಯರ್ಥವಾಯಿತೆಂಬುದು ತಿಳಿದುಬರುತ್ತದೆ. ಇದಕ್ಕೆ ನಿದರ್ಶನವಾಗಿ ನಾವು ಸಿ.ಟಿ. ಯಂತ್ರದ ಹಿಂದಿರುವ ಗಣಿತದ ಕಥೆಯನ್ನು ಇಲ್ಲಿ ವಿವೇಚಿಸುತ್ತೇವೆ.

1895ರ ನವೆಂಬರ್ 8ರಂದು ವುರ್ಟ್ಸ್‌ಬರ್ಗ್ ನಗರದಲ್ಲಿ ರಾಂಟ್‌ಜೆನ್ ಅವರು ಕ್ಷ-ಕಿರಣಗಳನ್ನು ಕಂಡುಹಿಡಿದರು. ಅಂದಿನಿಂದ ವೈದ್ಯರಿಗೆ ದೊರೆತದ್ದು ದೇಹದ ನೆರಳು. ನೆರಳಿನ ದೋಷವೆಂದರೆ, ಕಿರಣದ ಹಾದಿಯಲ್ಲಿ ಮುಂದಿರುವುದೂ ಹಿಂದಿರುವುದೂ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ. ಗಣಿತದ ಭಾಷೆಯಲ್ಲಿ ಹೇಳುವುದಾದರೆ, ಹಾದಿಯುದ್ದಕ್ಕೂ ನಡೆದ ಹೀರಿಕೆಯ ಮೊತ್ತ ನಮಗೆ ತಿಳಿಯುತ್ತದೆಯೇ ಹೊರತು ಬಿಡಿ ಅಂಶಗಳು ತಿಳಿಯುವುದಿಲ್ಲ. ಮೊತ್ತಗಳಿಂದ ಬಿಡಿ ಅಂಶಗಳನ್ನು ಮರಳಿ ಪಡೆಯುವುದು ಹೇಗೆ? ಇದೇ ಮೂಲಪ್ರಶ್ನೆ.

ಒಂದು ಸಣ್ಣ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಾಲ್ಕು ಮನೆಗಳ ಒಂದು ಚೌಕದಲ್ಲಿ ಮೇಲಿನ ಸಾಲಿನಲ್ಲಿ 5, 2. ಕೆಳಗಿನ ಸಾಲಿನಲ್ಲಿ 3, 6 ಇರಲಿ. ಅಡ್ಡಸಾಲುಗಳ ಮೊತ್ತ 7 ಮತ್ತು 9. ನೀಟಸಾಲುಗಳ ಮೊತ್ತ 8 ಮತ್ತು 8. ಆದರೆ 4, 3. 4, 5 ಎಂದು ತುಂಬಿದರೂ ಇವೇ ಮೊತ್ತಗಳು ಬರುತ್ತವೆ. ಎಡಮೇಲಿನಿಂದ ಬಲಕೆಳಗಿನ ಕರ್ಣದ ಮೊತ್ತವನ್ನೂ ಅಳೆದಾಗ ಮಾತ್ರ, ಮೊದಲನೆಯದರಲ್ಲಿ 11, ಎರಡನೆಯದರಲ್ಲಿ 9 ಬಂದು, ವ್ಯತ್ಯಾಸ ಬಯಲಾಗುತ್ತದೆ. ಎರಡು ದಿಕ್ಕುಗಳಿಂದ ನೋಡಿದರೆ ಸಾಲದು, ಅನೇಕ ದಿಕ್ಕುಗಳು ಬೇಕು ಎಂಬ ತತ್ತ್ವ ಇದರಲ್ಲಿಯೇ ಅಡಗಿದೆ.

ಈ ಪ್ರಶ್ನೆಗೆ ಸಂಪೂರ್ಣವಾದ ಉತ್ತರವನ್ನು ಯೋಹಾನ್ ರಾಡಾನ್ ಎಂಬ ಗಣಿತಜ್ಞರು 1917ರಲ್ಲಿಯೇ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ್ದರು. ಒಂದು ಸಮತಲದ ಎಲ್ಲ ರೇಖೆಗಳ ಮೇಲಣ ಅನುಕಲಗಳು ತಿಳಿದಿದ್ದರೆ ಆ ಸಮತಲದ ಪ್ರತಿಯೊಂದು ಬಿಂದುವಿನ ಮೌಲ್ಯವನ್ನೂ ಪಡೆಯಬಹುದೆಂದು ಅವರು ಸಾಧಿಸಿದರು. ಅದು ಶುದ್ಧಗಣಿತದ ಪ್ರಮೇಯ. ರೋಗಿಯ ಯೋಚನೆ ಅಲ್ಲಿರಲಿಲ್ಲ. ಅಂದು ಗಣಕಯಂತ್ರವೂ ಇರಲಿಲ್ಲವಾದ್ದರಿಂದ ಕೂಡಲೇ ಪ್ರಯೋಜನವಾಗದಿದ್ದುದು ಸಹಜವೇ. ಆದರೆ ಗಣಕಯಂತ್ರ ಬಂದ ಮೇಲೂ ಆ ಲೇಖನ ಬೇಕಾದವರ ಕೈಗೆ ಸೇರಲಿಲ್ಲವೆಂಬುದು ವಿಚಾರಾರ್ಹ.

1956ರಲ್ಲಿ ಆಸ್ಟ್ರೇಲಿಯಾ ಮೂಲದ ಬ್ರೇಸ್‌ವೆಲ್ ಅವರು ರೇಡಿಯೋ ಖಗೋಳಶಾಸ್ತ್ರದಲ್ಲಿ ಇದೇ ಸಮಸ್ಯೆಯನ್ನು ಎದುರಿಸಿ, ಫೂರಿಯೆ ವಿಧಾನದಿಂದ ಬಿಡಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರಾಗಿದ್ದ ಕಾರ್ಮ್ಯಾಕ್ ಅವರಿಗೆ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ವಾರಕ್ಕೆ ಒಂದೂವರೆ ದಿನದ ಕೆಲಸ ಬಿದ್ದಿತು. ವಿಕಿರಣ ಚಿಕಿತ್ಸೆಯ ಲೆಕ್ಕಗಳಲ್ಲಿ ಮೂಳೆ, ಮಾಂಸ, ಶ್ವಾಸಕೋಶಗಳನ್ನೆಲ್ಲ ಒಂದೇ ಸಾಂದ್ರತೆಯವೆಂದು ಎಣಿಸುತ್ತಿದ್ದುದು ಅವರಿಗೆ ಸರಿಯೆನಿಸಲಿಲ್ಲ. ದೇಹದ ಒಳಗಿನ ಹೀರಿಕೆಯನ್ನು ಹೊರಗಿನಿಂದ ಅಳೆಯುವ ಗಣಿತವನ್ನು ಅವರು ತಾವೇ ಕಟ್ಟಿ, ಮರದ ಬಳೆಯೊಳಗೆ ಅಲ್ಯೂಮಿನಿಯಮ್ಮಿನ ಕಂಬವನ್ನಿಟ್ಟು 1957ರಲ್ಲಿ ಪರೀಕ್ಷಿಸಿದರು. 1963 ಮತ್ತು 1964ರಲ್ಲಿ ಪ್ರಕಟವಾದ ಅವರ ಲೇಖನಗಳಿಗೆ ಬಂದ ಪ್ರತಿಕ್ರಿಯೆ ಅತ್ಯಲ್ಪ. ರಾಡಾನರ ಪ್ರಮೇಯದ ವಿಷಯ ಕಾರ್ಮ್ಯಾಕರಿಗೆ ತಿಳಿದದ್ದು ಕೆಲಸ ಆರಂಭಿಸಿ ಸುಮಾರು 14 ವರ್ಷಗಳಾದ ಮೇಲೆ.

ಇತ್ತ ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯಲ್ಲಿ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರರು 1967ರಲ್ಲಿ ಸ್ವತಂತ್ರವಾಗಿ ಇದೇ ದಾರಿಯನ್ನು ಹಿಡಿದರು. ಅವರ ಮೊದಲ ಪ್ರಯೋಗದಲ್ಲಿ ಗಾಮಾ ಕಿರಣದ ಆಕರ ದುರ್ಬಲವಾಗಿದ್ದ ಕಾರಣ ಒಂದು ಚಿತ್ರಕ್ಕೆ 9 ದಿನಗಳು ಹಿಡಿದವು. 28,000 ಅಳತೆಗಳನ್ನು ಗಣಕವು ಎರಡೂವರೆ ಗಂಟೆ ಕಾಲ ಸಂಸ್ಕರಿಸಬೇಕಾಯಿತು. 1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ಮೂಡಿತು. 1979ರ ನೊಬೆಲ್ ಪಾರಿತೋಷಕವನ್ನು ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಹಂಚಿಕೊಂಡರು.

ಈ ಚರಿತ್ರೆಯಲ್ಲಿ ಬೆಂಗಳೂರಿನ ಹೆಸರೂ ಸೇರಿದೆ. ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣವಿಕ ಜೀವಭೌತ ವಿಭಾಗವನ್ನು ಸ್ಥಾಪಿಸಿದ ಜಿ. ಎನ್. ರಾಮಚಂದ್ರನ್ ಅವರು ಲಕ್ಷ್ಮೀನಾರಾಯಣನ್ ಅವರೊಡನೆ 1971ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪ್ರತಿಯೊಂದು ದಿಕ್ಕಿನ ನೆರಳನ್ನೂ ಬಂದ ಹಾದಿಯಲ್ಲೇ ಹಿಂದಕ್ಕೆ ಹರಡಿ ಕೂಡಿದರೆ ಚಿತ್ರವೇನೋ ಬರುತ್ತದೆ. ಆದರೆ ಪ್ರತಿ ಬಿಂದುವಿನ ಸುತ್ತಲೂ ಮಂಜು ಕವಿದಂತಿರುತ್ತದೆ. ಹರಡುವುದಕ್ಕೆ ಮುಂಚೆ ನೆರಳಿನ ಪ್ರತಿಯೊಂದು ಅಳತೆಯಿಂದಲೂ ಅಕ್ಕಪಕ್ಕದ ಅಳತೆಗಳ ನಿಯತವಾದ ಅಂಶಗಳನ್ನು ಕಳೆದರೆ ಆ ಮಂಜು ಹರಿಯುತ್ತದೆ. ಫೂರಿಯೆ ಪರಿವರ್ತನೆಯ ದೀರ್ಘ ಲೆಕ್ಕವಿಲ್ಲದೆ, ಕೇವಲ ಗುಣಾಕಾರ ಸಂಕಲನಗಳಿಂದ ಈ ಕಾರ್ಯ ಸಾಧ್ಯವೆಂದು ಅವರು ತೋರಿಸಿದರು. ಬ್ರೇಸ್‌ವೆಲ್ ಮತ್ತು ರಿಡ್ಲ್ ಅವರು 1967ರಲ್ಲಿ ಖಗೋಳಶಾಸ್ತ್ರಕ್ಕಾಗಿ ಇಂಥದೇ ವಿಧಾನವನ್ನು ರಚಿಸಿದ್ದರು. ಇಂದಿಗೂ ಪಠ್ಯಗ್ರಂಥಗಳಲ್ಲಿ ಈ ಶೋಧಕಕ್ಕೆ 'ರಾಮ್-ಲಾಕ್' ಎಂಬ ಹೆಸರೇ ಇದೆ. ಪ್ರೋಟೀನುಗಳ ರಚನೆಯನ್ನು ಅರಸುತ್ತಿದ್ದವರ ಲೇಖನಿಯಿಂದ ಇದು ಬಂದಿತೆಂಬುದು ಗಮನಾರ್ಹ.

ಹೀಗೆ ಒಂದೇ ಸಮಸ್ಯೆಯನ್ನು ಗಣಿತಜ್ಞರು, ಖಗೋಳಜ್ಞರು, ಭೌತವಿಜ್ಞಾನಿಗಳು, ಇಂಜಿನಿಯರುಗಳು ಬೇರೆಬೇರೆಯಾಗಿ ಬಿಡಿಸಿದರು. ಪ್ರತಿಭೆಗೆ ಕೊರತೆಯಿರಲಿಲ್ಲ, ಪರಸ್ಪರ ಪರಿಚಯಕ್ಕೆ ಮಾತ್ರ ಕೊರತೆಯಿತ್ತು. ಆದುದರಿಂದ ಸ್ನಾತಕೋತ್ತರ ವ್ಯಾಸಂಗದಲ್ಲಿ ಗಣಿತವನ್ನು ಯಂತ್ರದಿಂದಲೂ ಯಂತ್ರವನ್ನು ರೋಗಿಯಿಂದಲೂ ಬೇರ್ಪಡಿಸಿ ಬೋಧಿಸುವುದು ಹಳೆಯ ನಷ್ಟವನ್ನು ಮತ್ತೆ ಆಹ್ವಾನಿಸಿದಂತೆಯೇ ಸರಿ.

ಇದರಲ್ಲಿ ಇನ್ನೂ ಗುರುತರವಾದ ಒಂದು ವಿಷಯವುಂಟು. ಸಿ.ಟಿ. ಚಿತ್ರ ಕಣ್ಣಿಗೆ ಕಂಡದ್ದಲ್ಲ. ಅಳತೆಗಳಿಂದ ತರ್ಕಿಸಿ ಪಡೆದದ್ದು. ಹಲ್ಲಿನಲ್ಲಿ ತುಂಬಿದ ಲೋಹ ಚಿತ್ರದ ಉದ್ದಕ್ಕೂ ಗೆರೆಗಳನ್ನು ಎಳೆಯಬಲ್ಲದು; ದಪ್ಪ ಮೂಳೆಗಳ ನಡುವೆ ಇಲ್ಲದ ಕಪ್ಪು ಪಟ್ಟಿ ಮೂಡಬಲ್ಲದು. ಬಿಂಬ ಹುಟ್ಟಿದ ಬಗೆಯನ್ನು ಅರಿತವನು ಇವು ಲೆಕ್ಕದ ಮಕ್ಕಳೆಂದು ಗುರುತಿಸುತ್ತಾನೆ. ಅರಿಯದವನು ರೋಗವೆಂದು ಭ್ರಮಿಸಬಹುದು, ಅಥವಾ ಅವುಗಳ ಮರೆಯಲ್ಲಿರುವ ನಿಜವಾದ ರೋಗವನ್ನು ಕಾಣದೆಹೋಗಬಹುದು. ಸೂತ್ರವನ್ನು ಕಲಿಯುವುದು ಪರೀಕ್ಷೆಗಾಗಿ ಮಾತ್ರವಲ್ಲ, ಚಿತ್ರದ ಆಚೆಗೆ ಮಲಗಿರುವ ಮನುಷ್ಯನಿಗಾಗಿ ಎಂಬುದನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಮನಗಾಣಬೇಕೆಂಬುದೇ ನಮ್ಮ ಅಭಿಪ್ರಾಯ.