ಲೆನ್ಸ್ ಒರೆಸೋ ಬಟ್ಟೆಯ ಮಡಿ ಮೈಲಿಗೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಇತಿಹಾಸ ಅಂದ ಕೂಡಲೇ ನಾವು ರಾಜರು, ಯುದ್ಧ, ಕೋಟೆ ಕೊತ್ತಲ ಅಂತ ಶುರು ಮಾಡ್ತೀವಿ. ಇವತ್ತು ಅದ್ಯಾವುದೂ ಇಲ್ಲ. ಇವತ್ತಿನದು ಒಂದು ಬಟ್ಟೆ ತುಂಡಿನ ಕಥೆ. ಕ್ಯಾಮೆರಾ ಲೆನ್ಸ್ ಒರೆಸೋ ಬಟ್ಟೆ. ನಗಬೇಡಿ. ಇದನ್ನು ಹೇಳೋಕೆ ನನಗೊಂದು ಕಾರಣ ಇದೆ, ಆ ಕಾರಣದಲ್ಲಿ ತಪ್ಪು ನನ್ನದೇ.

ನಮ್ಮ ಅಪ್ಪ ಮಲೆನಾಡಿನ ಒಂದು ಸಣ್ಣ ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ಮುಂದೆ ಗಾಜಿನ ಶೋಕೇಸು, ಹಿಂದೆ ಡಾರ್ಕ್‌ರೂಮು, ನಡುವೆ ತಾಜ್‌ಮಹಲಿನ ಪರದೆ. ಅವರ ಹತ್ತಿರ ಯಾಶಿಕಾ ಮ್ಯಾಟ್ 124ಜಿ ಅನ್ನೋ ಎರಡು ಕಣ್ಣಿನ ಕ್ಯಾಮೆರಾ ಇತ್ತು. ಅದರ ಪಕ್ಕದಲ್ಲೊಂದು ಹಾರ್ಲಿಕ್ಸ್ ಬಾಟಲಿ. ಅದರೊಳಗೆ ಅಂಗೈ ಅಗಲದ ಎರಡು ಬಿಳಿ ಬಟ್ಟೆ, ಹಳೇ ಮಲ್ ಪಂಚೆಯಿಂದ ಕತ್ತರಿಸಿದ್ದು. ಆ ಬಾಟಲಿ ಮುಟ್ಟೋ ಹಾಗಿರಲಿಲ್ಲ. ಆ ಬಟ್ಟೆಯನ್ನ ಅಮ್ಮ ಒಗೆಯೋ ಬಕೆಟ್ಟಿಗೆ ಹಾಕೋ ಹಾಗೂ ಇರಲಿಲ್ಲ. ಅಪ್ಪ ತಾವೇ ಒಗೆದು, ತಾವೇ ಮನೆಯೊಳಗೆ ಹಗ್ಗ ಕಟ್ಟಿ ಒಣಗಿಸ್ತಿದ್ದರು. ಅಮ್ಮ ಹೇಳ್ತಿದ್ದರು, "ನಮ್ಮತ್ತೆ ಕೂಡ ಇಷ್ಟು ಮಡಿ ಮಾಡಲಿಲ್ಲ" ಅಂತ. ನಾವು ಮಕ್ಕಳು ಅದಕ್ಕೆ 'ಮಡಿ ಬಟ್ಟೆ' ಅಂತಲೇ ಹೆಸರಿಟ್ಟಿದ್ದೆವು.

ಅಪ್ಪ ತೀರಿಕೊಂಡ ನಾಲ್ಕು ತಿಂಗಳಿಗೆ ಚಿಕ್ಕಪ್ಪನ ಮಗಳ ಮದುವೆ. ಅವರ ನೆನಪಿಗೆ ಅಂತ ಆ ಕ್ಯಾಮೆರಾ ಹಿಡಿದು ಹೋದೆ, ಬಾಟಲಿ ಮನೆಯಲ್ಲೇ ಉಳೀತು. ಧಾರೆ ಹೊತ್ತಿಗೆ ಸರಿಯಾಗಿ ಯಾವುದೋ ಮಗು ಹೋಳಿಗೆ ತುಪ್ಪದ ಬೆರಳನ್ನ ಲೆನ್ಸ್ ಮೇಲೆ ಒತ್ತಿಬಿಡ್ತು. ಸುತ್ತ ಅರಿಸಿನ, ಅಕ್ಷತೆ, ಮಂಟಪದ ಮಣ್ಣು. ನಾನೇನು ಮಾಡಿದೆ ಗೊತ್ತಾ? ಹೆಗಲ ಮೇಲಿದ್ದ ಹೊಸ ಶಲ್ಯದ ತುದಿಯಿಂದ ಗಸಗಸ ಉಜ್ಜಿದೆ. ಜರಿ ಅಂಚಿನ ಶಲ್ಯ! ತುಪ್ಪ ಹೋಯಿತು. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಗಾಜಿನ ಮೇಲೆ ಕೂದಲೆಳೆಯಂಥ ಕಮಾನು ಗೀರುಗಳು. ಅಪ್ಪ ಅಷ್ಟು ವರ್ಷ ಕಾದಿಟ್ಟದ್ದನ್ನ ನಾನು ಹತ್ತು ಸೆಕೆಂಡಿನಲ್ಲಿ ಮುಗಿಸಿದ್ದೆ. ಅವರ ಆ ಮಡಿ ಎಲ್ಲಿಂದ ಬಂತು ಅಂತ ಹುಡುಕೋಕೆ ಶುರು ಮಾಡಿದ್ದು ಆಮೇಲೆ.

1839ಕ್ಕೆ ಹೋಗೋಣ. ಪ್ಯಾರಿಸ್‌ನಲ್ಲಿ ದಾಗೇರ್‌ನ ಫೋಟೋ ವಿಧಾನ ಜಗತ್ತಿಗೆ ಗೊತ್ತಾದ ವರ್ಷ. ಬೆಳ್ಳಿ ಲೇಪಿಸಿದ ತಾಮ್ರದ ತಗಡೇ ಆಗಿನ 'ಫಿಲಂ'. ಚಿತ್ರ ತೆಗೆಯೋ ಮೊದಲು ಆ ತಗಡು ಕನ್ನಡಿಯಾಗಬೇಕು. ಅದಕ್ಕೆ ಉದ್ದನೆ ಮರದ ಪಟ್ಟಿಗೆ ಜಿಂಕೆ ಚರ್ಮ ಸುತ್ತಿ, ನಯವಾದ ಕಲ್ಲಿನ ಪುಡಿ, ಕೆಂಪು ಕಬ್ಬಿಣದ ಪುಡಿ ಹಾಕಿ ಉಜ್ಜುತ್ತಾ ಕೂರಬೇಕು. ಆ ಚರ್ಮದಲ್ಲಿ ಒಂದು ಮರಳಿನ ಕಣ ಸೇರಿದ್ದರೆ ತಗಡಿನ ಉದ್ದಕ್ಕೂ ಗೀರು. ಚೂರು ತೇವ ಇದ್ದರೆ ಕಲೆ. ಹಾಗಾಗಿ ಚಿತ್ರಕ್ಕಿಂತ ಚರ್ಮದ ಆರೈಕೆಯೇ ದೊಡ್ಡ ಕೆಲಸ. ತಮಾಷೆ ಏನಪ್ಪಾ ಅಂದರೆ, ಚಿತ್ರ ಮೂಡಿದ ಮೇಲೆ ಅದೇ ತಗಡನ್ನ ಬೆರಳಿಂದಲೂ ಮುಟ್ಟೋ ಹಾಗಿಲ್ಲ. ಒರೆಸಿದರೆ ಚಿತ್ರವೇ ಅಳಿಸಿ ಹೋಗುತ್ತೆ. ಅದಕ್ಕೇ ಅವುಗಳನ್ನು ಗಾಜು ಮುಚ್ಚಿ ಪೆಟ್ಟಿಗೆಯಲ್ಲಿ ಇಡ್ತಿದ್ದರು. ಮೊದಲು ಗಂಟೆಗಟ್ಟಲೆ ಉಜ್ಜು, ಆಮೇಲೆ ಕೈಯೇ ಹಚ್ಚಬೇಡ.

1850ರ ದಶಕದಲ್ಲಿ ಗಾಜಿನ ತಗಡುಗಳು ಬಂದವು. ಗಾಜಿಗೆ ಕೊಲೋಡಿಯನ್ ಅನ್ನೋ ಅಂಟು ದ್ರವ ಸುರಿದು, ಒದ್ದೆ ಇರುವಾಗಲೇ ಫೋಟೋ ತೆಗೆಯೋ ವಿಧಾನ. ಗಾಜಿನ ಮೇಲೆ ಜಿಡ್ಡಿದ್ದರೆ ಆ ಪದರ ಸಿಪ್ಪೆ ಥರ ಎದ್ದು ಬರುತ್ತೆ. ಇಲ್ಲಿ ನಮಗೆ ಬೇಕಾದವರು ಲಂಡನ್ನಿನ ಕಿಂಗ್ಸ್ ಕಾಲೇಜಿನ ಹಾರ್ಡ್‌ವಿಚ್. ಫೋಟೋ ರಸಾಯನದ ಬಗ್ಗೆ ಅವರು 1855ರಲ್ಲಿ ತಂದ ಕೈಪಿಡಿ ಆ ಕಾಲದ ಫೋಟೋಗ್ರಾಫರ್‌ಗಳ ಪಂಚಾಂಗ ಇದ್ದ ಹಾಗೆ. ಗಾಜು ಒರೆಸೋ ಬಟ್ಟೆ ಬಗ್ಗೆ ಅವರ ಕಟ್ಟಳೆ ನೋಡಿ. ಬಟ್ಟೆ ಅದೊಂದೇ ಕೆಲಸಕ್ಕೆ ಮೀಸಲಾಗಿರಬೇಕು. ಎಳೆ, ಜುಂಗು ಬಿಡಬಾರದು. ಸೋಪು ಹಾಕಿ ಒಗೆಯಲೇಬಾರದು. ಬರೀ ನೀರಲ್ಲಿ, ಇಲ್ಲವೇ ಚೂರು ಪೊಟ್ಯಾಶ್ ಕಾರ್ಬೊನೇಟ್ ಹಾಕಿದ ನೀರಲ್ಲಿ ಒಗೆಯಬೇಕು.

ಪೊಟ್ಯಾಶ್ ಕಾರ್ಬೊನೇಟ್ ಅಂದರೆ ಏನೋ ದೊಡ್ಡ ರಾಸಾಯನಿಕ ಅಂದ್ಕೋಬೇಡಿ. ಕಟ್ಟಿಗೆ ಬೂದಿ ನೀರಲ್ಲಿ ಕದಡಿ ಸೋಸಿದರೆ ಬರೋದು ಮುಖ್ಯವಾಗಿ ಅದೇ. ನಮ್ಮಜ್ಜಿ ಒಲೆ ಬೂದಿ ನೀರಲ್ಲಿ ಬಟ್ಟೆ ನೆನೆಸಿಡ್ತಿದ್ದರಲ್ಲ, ಆ ಲೆಕ್ಕ. ಹಾರ್ಡ್‌ವಿಚ್ ಸಾಹೇಬರೂ ನಮ್ಮಜ್ಜಿಯೂ ಭೇಟಿಯಾಗಿದ್ದರೆ ಬಟ್ಟೆ ವಿಷಯದಲ್ಲಿ ಜಗಳ ಆಗ್ತಿರಲಿಲ್ಲ.

ನಮ್ಮ ಕಡೆಗೂ ಕ್ಯಾಮೆರಾ ಅದೇ ಕಾಲಕ್ಕೆ ಬಂದಿತ್ತು. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರಿನ ಚಿತ್ರ ತೆಗೆದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿದ್ದರು. ಇಬ್ಬರೂ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್. ಗಾಜಿನ ತಗಡು ತಿಕ್ಕೋ ಕಷ್ಟ ಅವರಿಗೆ ಇರಲಿಲ್ಲ. ಆದರೆ ಲೆನ್ಸ್ ಗಾಜಿನದೇ, ಹಂಪಿಯ ಧೂಳು ಹಂಪಿಯದೇ.

ಸರಿ, ಲೆನ್ಸ್‌ಗೆ ಬರೋಣ. ಬೆಳಕು ಗಾಜಿನೊಳಗೆ ಹೋಗುವಾಗ, ಹೊರಗೆ ಬರುವಾಗ, ಪ್ರತಿ ಸಲವೂ ನೂರಕ್ಕೆ ಸುಮಾರು 4 ಪಾಲು ಪ್ರತಿಫಲಿಸಿ ವಾಪಸ್ ಹೋಗುತ್ತೆ. ಅಪ್ಪನ ಯಾಶಿಕಾ ಲೆನ್ಸಲ್ಲಿ ನಾಲ್ಕು ಗಾಜು. ಎರಡು ಅಂಟಿಕೊಂಡಿರೋದರಿಂದ ಗಾಳಿಗೆ ತಾಗೋ ಮೈ ಆರು. ಲೇಪನ ಇಲ್ಲದಿದ್ದರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬೆಳಕು ಸೋರಿ ಹೋಗುತ್ತೆ. ಹೋದರೆ ಹೋಗಲಿ ಅನ್ನೋಕಾಗಲ್ಲ. ಅದರಲ್ಲಿ ಸ್ವಲ್ಪ ಒಳಗೊಳಗೇ ಪುಟಿದು ಚಿತ್ರದ ಮೇಲೆ ಮಂಜಿನ ಹಾಗೆ ಹರಡುತ್ತೆ.

ಇದಕ್ಕೆ ಮದ್ದಿನ ಸುಳಿವು ಸಿಕ್ಕಿದ್ದು ಹಳೇ, ಮಂಕಾದ ಗಾಜಿನಿಂದ. ಗಾಳಿ ತಾಗಿ ಮೇಲ್ಮೈ ಮಾಸಿದ ಹಳೇ ಗಾಜು ಹೊಸದಕ್ಕಿಂತ ಹೆಚ್ಚು ಬೆಳಕು ಬಿಡುತ್ತೆ ಅಂತ 1886ರಲ್ಲಿ ಲಾರ್ಡ್ ರೇಲಿ ಗಮನಿಸಿದರು. ಆಮೇಲೆ ಇಂಗ್ಲೆಂಡಿನ ಲೆನ್ಸ್ ತಜ್ಞ ಡೆನಿಸ್ ಟೇಲರ್ ಕೂಡ ಮಾಸಿದ ಲೆನ್ಸುಗಳಲ್ಲಿ ಇದನ್ನೇ ಕಂಡರು. ಅಂದರೆ ಅಲ್ಲಿವರೆಗೆ ಎಷ್ಟೋ ಜನ ತಮ್ಮ ಲೆನ್ಸಿಗೆ ತಾನಾಗಿ ಕೂತ ಒಳ್ಳೇ ಪದರವನ್ನ ಕೊಳೆ ಅಂತ ತಿಕ್ಕಿ ತೆಗೆದಿರಬೇಕು!

1935ರಲ್ಲಿ ಜರ್ಮನಿಯ ಜೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ, ನಿರ್ವಾತದಲ್ಲಿ ತೆಳು ಪದರ ಕೂರಿಸೋ ವಿಧಾನಕ್ಕೆ ಪೇಟೆಂಟ್ ಪಡೆದರು. ಅದು ಸೇನೆಯ ಗುಟ್ಟಾಯಿತು. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಕ್ಯಾಥರೀನ್ ಬ್ಲಾಡ್ಜೆಟ್ ಇನ್ನೊಂದು ದಾರಿ ತೋರಿಸಿದರು. ಕೇಂಬ್ರಿಡ್ಜ್‌ನಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರು. ನೀರಿನ ಮೇಲೆ ಒಂದೇ ಅಣುವಿನ ದಪ್ಪದ ಪದರ ಹರಡಿ, ಗಾಜನ್ನ ಅದರಲ್ಲಿ ಅದ್ದಿ ತೆಗೆದು, ಹೀಗೇ 44 ಪದರ ಕೂರಿಸಿದರು. ಪ್ರತಿಫಲನ ಬಹುತೇಕ ಮಾಯ. ಗಾಜು ಇದೆಯೋ ಇಲ್ಲವೋ ಅನ್ನೋ ಹಾಗೆ. ಆ ಪದರ ಯಾವುದರದ್ದು ಗೊತ್ತಾ? ಬೇರಿಯಂ ಸ್ಟಿಯರೇಟ್. ಅದು ಸೋಪಿನ ಜಾತಿಯದ್ದೇ! ಹಾರ್ಡ್‌ವಿಚ್ ಹೊಸಿಲಾಚೆ ನಿಲ್ಲಿಸಿದ್ದ ಸೋಪು ನೇರ ಗರ್ಭಗುಡಿಗೇ ಬಂದು ಕೂತಿತು.

ಒಂದೇ ತೊಂದರೆ. ಬಟ್ಟೆ ತಗೊಂಡು ಒರೆಸಿದರೆ ಆ ಪದರ ಬಟ್ಟೆಗೇ ಬರ್ತಿತ್ತು. ಜಗತ್ತಿನ ಅತಿ ಸ್ವಚ್ಛ ಗಾಜು, ಆದರೆ ಸ್ವಚ್ಛ ಮಾಡೋ ಹಾಗಿಲ್ಲ. ಅದೇ ಹೊತ್ತಿಗೆ ಎಂಐಟಿಯಲ್ಲಿ ಕಾರ್ಟ್‌ರೈಟ್ ಮತ್ತು ಟರ್ನರ್ ಮೆಗ್ನೀಸಿಯಂ ಫ್ಲೋರೈಡಿನಂಥ ಪದಾರ್ಥಗಳ ಲೇಪನ ಮಾಡಿದರು. ಗಾಜನ್ನ ಬಿಸಿ ಮಾಡಿ ಲೇಪಿಸಿದರೆ ಪದರ ಗಟ್ಟಿಯಾಗುತ್ತೆ ಅಂತ ಯುದ್ಧದ ವರ್ಷಗಳಲ್ಲಿ ತಿಳೀತು. ಆಮೇಲಿನ ಲೆನ್ಸುಗಳಲ್ಲಿ ಕಾಣೋ ನೀಲಿ, ನೇರಳೆ ಛಾಯೆ ಈ ಲೇಪನದ್ದೇ. ಅದರ ದಪ್ಪ ಬೆಳಕಿನ ಅಲೆಯ ನಾಲ್ಕನೇ ಒಂದು ಭಾಗ. ಕೂದಲಿನ ದಪ್ಪದ ನೂರನೇ ಒಂದು ಪಾಲೂ ಇರಲ್ಲ. ನಾನು ಶಲ್ಯದಲ್ಲಿ ಉಜ್ಜಿದ್ದು ಇದನ್ನ.

ನಿಜ ಹೇಳಬೇಕು ಅಂದರೆ ಶಲ್ಯಕ್ಕಿಂತ ದೊಡ್ಡ ಅಪರಾಧಿ ಅದರಲ್ಲಿದ್ದ ಧೂಳು. ಖನಿಜಗಳ ಗಟ್ಟಿತನ ಅಳೆಯೋ ಮೋಸ್ ಮಾಪಕದಲ್ಲಿ ಗಾಜು ಸುಮಾರು ಐದೂವರೆ. ಮಣ್ಣಿನಲ್ಲಿರೋ ಬೆಣಚು ಕಣ 7. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದರೊಳಗೆ ಒಂದು ಬೆಣಚು ಕಣ ಸಿಕ್ಕಿಕೊಂಡರೆ ಅದು ಬಟ್ಟೆಯಲ್ಲ, ಉಜ್ಜುಗಾಗದ. ಹಾರ್ಡ್‌ವಿಚ್ ಮಡಿಯ ಅರ್ಥ ಇದು, ಅಪ್ಪನ ಹಾರ್ಲಿಕ್ಸ್ ಬಾಟಲಿಯ ಅರ್ಥವೂ ಇದೇ. ಮನುಷ್ಯರ ಮೇಲೆ ಮಡಿ ಮೈಲಿಗೆ ಹೇರಿದ್ದು ದೊಡ್ಡ ತಪ್ಪು. ಅದನ್ನ ಹೇರಬೇಕಾಗಿದ್ದದ್ದು ಈ ಬಟ್ಟೆ ಮೇಲೆ.

ಈಗ ನಿಮ್ಮ ಕನ್ನಡಕದ ಡಬ್ಬಿಯಲ್ಲಿ ಇರೋದು ಮೈಕ್ರೋಫೈಬರ್. ಅದರ ಬೇರು ಜಪಾನಿನಲ್ಲಿದೆ. 1970ರಲ್ಲಿ ಟೋರೆ ಕಂಪನಿಯ ಮಿಯೋಶಿ ಒಕಾಮೋಟೊ ಅತಿ ಸೂಕ್ಷ್ಮ ಎಳೆ ತಯಾರಿಸಿದರು. ಒಂದು ಪ್ಲಾಸ್ಟಿಕ್ಕಿನ 'ಸಮುದ್ರ'ದಲ್ಲಿ ಇನ್ನೊಂದರ 'ದ್ವೀಪ'ಗಳು ಇರೋ ಹಾಗೆ ನೂಲು ತೆಗೆದು, ಆಮೇಲೆ ಸಮುದ್ರವನ್ನ ಕರಗಿಸಿಬಿಡೋದು. ಉಳಿಯೋದು ಸಣ್ಣ ಸಣ್ಣ ಎಳೆಗಳು. ಮೊದಲು ಇದರಿಂದ ಮಾಡಿದ್ದು ನಯವಾದ ಚರ್ಮದಂಥ ಬಟ್ಟೆ, ಶೋಕಿ ಉಡುಪಿಗೆ. ಗಾಜು ಒರೆಸೋಕೆ ಬಂದದ್ದು ಆಮೇಲೆ. ಇನ್ನೊಂದು ಬಗೆಯಲ್ಲಿ ಪಾಲಿಯೆಸ್ಟರ್ ಮತ್ತು ನೈಲಾನ್ ಸೇರಿಸಿ ತೆಗೆದ ಎಳೆಯನ್ನ ಕಿತ್ತಳೆ ತೊಳೆ ಬಿಡಿಸಿದ ಹಾಗೆ ಸೀಳ್ತಾರೆ. ಆ ಸೀಳಿನ ಸಂದಿಗಳೇ ಜಿಡ್ಡನ್ನೂ ಧೂಳನ್ನೂ ಹಿಡಿದುಕೊಳ್ಳೋದು. ಹಳೇ ಪಂಚೆ ತುಂಡು ಜಿಡ್ಡನ್ನ ಅತ್ತಿಂದಿತ್ತ ದೂಡುತ್ತೆ, ಇದು ಎತ್ತಿ ಒಳಗಿಟ್ಟುಕೊಳ್ಳುತ್ತೆ.

ಅಪಾಯ ಇರೋದೂ ಅಲ್ಲೇ. ಒಳಗಿಟ್ಟುಕೊಂಡದ್ದನ್ನ ನೀವು ತೆಗೆಯದಿದ್ದರೆ ಮುಂದಿನ ಸಲ ಅದನ್ನೇ ಲೆನ್ಸಿಗೆ ಬಳಿಯುತ್ತೆ. ವರ್ಷಗಟ್ಟಲೆ ಒಗೆಯದ ಮೈಕ್ರೋಫೈಬರ್ ಬಟ್ಟೆ ಎಷ್ಟು ಮನೆಯಲ್ಲಿದೆ ಹೇಳಿ? ನನ್ನ ಗೆಳೆಯನೊಬ್ಬ ಅದೇ ಬಟ್ಟೆಯಲ್ಲಿ ಮೊಬೈಲು, ಕನ್ನಡಕ, ಕಾರಿನ ಕನ್ನಡಿ ಎಲ್ಲ ಒರೆಸಿ, ಕೊನೆಗೆ ಅರವತ್ತು ಸಾವಿರದ ಲೆನ್ಸ್ ಒರೆಸ್ತಾನೆ. ಕೇಳಿದರೆ "ಮೆತ್ತಗಿದೆ ಕಣೋ" ಅಂತಾನೆ.

ಹಾಗಾಗಿ ಒಗೆಯೋದು ಹೇಗೆ ಅಂತ ಹೇಳಿಬಿಡ್ತೀನಿ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಮೃದು ದ್ರವ ಒಂದೆರಡು ಹನಿ. ಹಿಂಡಿ ತಿರುಚಬೇಡಿ, ಅದುಮಿ ಬಿಡಿ. ನೊರೆಯ ಗುರುತೂ ಇಲ್ಲದ ಹಾಗೆ ನಾಲ್ಕೈದು ನೀರಲ್ಲಿ ಜಾಲಿಸಿ. ಬಟ್ಟೆಗೆ ಪರಿಮಳ ಕೊಡೋ ಕಂಡೀಷನರ್ ಹತ್ತಿರಕ್ಕೂ ತರಬೇಡಿ. ಅದು ಎಳೆ ಮೇಲೆ ಜಿಡ್ಡಿನ ಪದರ ಕೂರಿಸುತ್ತೆ, ಆಮೇಲೆ ಲೆನ್ಸ್ ತುಂಬ ಗೆರೆ. ಬ್ಲೀಚ್ ಬೇಡ. ಇಸ್ತ್ರಿ ಬೇಡ, ಎಳೆ ಕರಗಿ ಗಡುಸಾಗುತ್ತೆ. ಟವಲ್ಲಿನ ಜೊತೆ ಮಷೀನಿಗೆ ಹಾಕಬೇಡಿ, ಟವಲ್ಲಿನ ಜುಂಗೆಲ್ಲ ಇದಕ್ಕೆ. ನೆರಳಲ್ಲಿ, ಧೂಳಿಲ್ಲದ ಕಡೆ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮುಚ್ಚಳ ಇರೋ ಡಬ್ಬಿಗೆ. ಚಿಲ್ಲರೆ ಕಾಸಿನ ಜೇಬಿಗಲ್ಲ. ಮಲೆನಾಡು, ಕರಾವಳಿಯವರು ಒದ್ದೆ ಬಟ್ಟೆಯನ್ನ ಕ್ಯಾಮೆರಾ ಚೀಲದಲ್ಲಿ ಇಟ್ಟರೆ ಮಳೆಗಾಲ ಮುಗಿಯೋದರೊಳಗೆ ಲೆನ್ಸಿನೊಳಗೆ ಬೂಷ್ಟು ಬೇರು ಬಿಡಬಹುದು.

ಒರೆಸೋಕೂ ಕ್ರಮ ಇದೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ, ಆಮೇಲೆ ಮೃದು ಬ್ರಷ್, ಬಟ್ಟೆ ಕೊನೆಗೆ. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತೆ. ನೋಡಿ, ಇದರಲ್ಲೂ ಎಂಜಲು ಬಂತು! ಒಂದೆರಡು ಧೂಳಿನ ಕಣ ಚಿತ್ರದಲ್ಲಿ ಕಾಣೋದೇ ಇಲ್ಲ, ಬಿಟ್ಟುಬಿಡಿ. ಬೆರಳಿನ ಜಿಡ್ಡು ಕೂತರೆ ಮಾತ್ರ ಒರೆಸಿ. ಲೆನ್ಸ್ ಹಾಳಾಗೋದು ಕೊಳೆಯಿಂದ ಕಡಿಮೆ, ನಮ್ಮ ಸ್ವಚ್ಛತೆಯ ಹುಕಿಯಿಂದ ಜಾಸ್ತಿ.

ಕೊನೆಗೆ ಬಾಟಲಿಯ ವಿಷಯ. ಅಪ್ಪ ಹೋದ ಮೇಲೆ ಆ ಎರಡು ಬಟ್ಟೆಯನ್ನ ನಾನು ಒಗೆದೇ ಇರಲಿಲ್ಲ. ಕೊನೇ ಸಲ ಅವರ ಕೈ ಮುಟ್ಟಿದ್ದು ಅಂತ ಹಾಗೇ ಇಟ್ಟಿದ್ದೆ. ಮುಚ್ಚಳ ತೆಗೆದರೆ ಡಾರ್ಕ್‌ರೂಮಿನ ಹೈಪೋ ವಾಸನೆ ಬರ್ತಿತ್ತು, ಅಥವಾ ಬರುತ್ತೆ ಅಂತ ನನಗನ್ನಿಸ್ತಿತ್ತು. ಈ ಸಂಚಿಕೆಗೆ ಓದುತ್ತಾ ಕೂತಾಗ ಒಂದು ವಿಷಯ ಹೊಳೀತು. ಅವರಿದ್ದಿದ್ದರೆ ಬೈದಿರೋರು. ಬಟ್ಟೆ ಇಷ್ಟು ವರ್ಷ ಒಗೆಯದೆ ಇಡೋದಾ ಅಂತ.

ಹೋದ ಭಾನುವಾರ ಒಗೆದೆ. ಬರೀ ಬೆಚ್ಚಗಿನ ನೀರು. ಅವರು ಕಟ್ಟುತ್ತಿದ್ದ ಜಾಗದಲ್ಲೇ ಹಗ್ಗ ಕಟ್ಟಿ ಒಣಗಿಸಿದೆ. ಅಮ್ಮ ಜಗಲಿಯಲ್ಲಿ ಕೂತು ನೋಡ್ತಿದ್ದರು, ಏನೂ ಹೇಳಲಿಲ್ಲ. ಸಂಜೆ ಯಾಶಿಕಾಗೆ ಫಿಲಂ ಹಾಕಿ ಅಮ್ಮನದೊಂದು ಚಿತ್ರ ತೆಗೆದೆ. ಬೆಳಕು ಪಕ್ಕದಿಂದ ಬರೋ ಹಾಗೆ ಕೂರಿಸಿದ್ದೆ. ಎದುರು ಬೆಳಕಿದ್ದರೆ ನನ್ನ ಶಲ್ಯದ ಗೀರುಗಳು ಮಂಜಾಗಿ ಕಾಣುತ್ತವೆ, ಪಕ್ಕದಿಂದ ಬಂದರೆ ಅಷ್ಟಾಗಿ ಗೊತ್ತಾಗಲ್ಲ. ಚಿತ್ರ ಚೆನ್ನಾಗೇ ಬಂದಿದೆ.

ನಿಮ್ಮ ಮನೆಯ ಬಟ್ಟೆ ಕೊನೇ ಸಲ ಒಗೆದದ್ದು ಯಾವಾಗ ಅಂತ ಇವತ್ತೊಮ್ಮೆ ಯೋಚನೆ ಮಾಡಿ.