ಮನೆಯ ಮತ, ಮನುಷ್ಯನ ಮತ

ಒಂದು ಬಾಗಿಲು, ಒಂದು ಒಲೆ, ಮನೆ ತುಂಬ ಜನ. ಅಜ್ಜ, ಅಜ್ಜಿ, ಮೂವರು ಗಂಡುಮಕ್ಕಳು, ಅವರ ಹೆಂಡಂದಿರು, ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಮಗಳು, ಓದಲು ಬಂದು ಉಳಿದುಕೊಂಡ ಸೋದರಳಿಯ, ಹಿತ್ತಲ ಕೋಣೆಯಲ್ಲಿ ಮಲಗುವ ಆಳು. ಈ ಮನೆಯಲ್ಲಿ ಮತದಾರರು ಎಷ್ಟು ಮಂದಿ? ಹದಿನೆಂಟು ತುಂಬಿದವರನ್ನೆಲ್ಲ ಎಣಿಸಿದರೆ ಉತ್ತರ ಸಿಕ್ಕಿತು ಎಂದು ಇಂದು ಯಾರಾದರೂ ಹೇಳಿಯಾರು. ನೂರು ವರ್ಷಗಳ ಹಿಂದೆ ಇಂತಹ ಮನೆಯ ಆಸ್ತಿ ಒಟ್ಟಾಗಿದ್ದಲ್ಲಿ ಸರ್ಕಾರದ ಉತ್ತರ ಬೇರೆಯಾಗಿತ್ತು: ಆ ಆಸ್ತಿಯ ಲೆಕ್ಕದಲ್ಲಿ ಒಬ್ಬನೇ ಮತದಾರ.

ಮತ ಎಂಬುದು ಮನುಷ್ಯನದೋ, ಮನೆಯದೋ ಎಂಬುದು ಕೇಳಲು ವಿಚಿತ್ರವಾದ ಪ್ರಶ್ನೆ. ಆದರೆ ಚುನಾವಣೆಗಳ ಇತಿಹಾಸದಲ್ಲಿ ಬಹುಕಾಲ ಮತ ಮನೆಯದೇ ಆಗಿತ್ತು. ಅದನ್ನು ಮನೆಯಿಂದ ಬಿಡಿಸಿ ಮನುಷ್ಯನ ಕೈಗೆ ಕೊಡಲು ಹಿಡಿದ ಕಾಲ ಕಡಿಮೆಯದಲ್ಲ.

ಈ ಪದ್ಧತಿಯ ಬೇರು ಇರುವುದು ಇಂಗ್ಲೆಂಡಿನಲ್ಲಿ. ಅಲ್ಲಿ 1832ರ ಸುಧಾರಣಾ ಕಾಯಿದೆ ಪಟ್ಟಣಗಳಲ್ಲಿ ವರ್ಷಕ್ಕೆ 10 ಪೌಂಡ್ ಬೆಲೆಬಾಳುವ ಮನೆ ಅಥವಾ ಅಂಗಡಿಯನ್ನು ಹೊಂದಿದ ಗಂಡಸರಿಗೆ ಮತ ಕೊಟ್ಟಿತು. 1867ರ ಕಾಯಿದೆ ಪಟ್ಟಣದ ಮನೆವಾಸಿಗಳಿಗೆಲ್ಲ ಬಾಗಿಲು ತೆರೆದಾಗ, ಬೇರೆಯವರ ಮನೆಯಲ್ಲಿ ಕೋಣೆ ಹಿಡಿದವರ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಕೋಣೆವಾಸಿಗೂ ಮತ ಉಂಟು ಎಂದಿತು ಕಾಯಿದೆ. ಆದರೆ ಮೇಜು ಮಂಚಗಳ ಲೆಕ್ಕ ಬಿಟ್ಟು ಕೋಣೆಯೊಂದಕ್ಕೇ ವರ್ಷಕ್ಕೆ 10 ಪೌಂಡ್ ಬಾಡಿಗೆ ಬಾಳಬೇಕು. ಹನ್ನೆರಡು ತಿಂಗಳು ಅಲ್ಲೇ ವಾಸವಾಗಿರಬೇಕು. ಮನೆವಾಸಿಯ ಹೆಸರು ತಾನಾಗಿ ಪಟ್ಟಿಗೆ ಬಂದರೂ ಕೋಣೆವಾಸಿ ಮಾತ್ರ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಕೋಣೆ ಬದಲಿಸಿದವನು ಮತ್ತೆ ಮೊದಲಿನಿಂದ ದಿನ ಎಣಿಸಬೇಕು.

ಇದರಿಂದ ಹುಟ್ಟಿದ ವ್ಯಾಜ್ಯಗಳಿಗೆ ಲೆಕ್ಕವಿಲ್ಲ. ಪಟ್ಟಿಯನ್ನು ಪರಿಷ್ಕರಿಸುವ ವಕೀಲರ ಮುಂದೆ ಪಕ್ಷಗಳ ಏಜೆಂಟರು ವಾದಕ್ಕೆ ನಿಲ್ಲುತ್ತಿದ್ದರು. ತಂದೆಯ ಮನೆಯಲ್ಲಿರುವ ವಯಸ್ಕ ಮಗ ಮನೆವಾಸಿಯಲ್ಲ. ಅವನಿಗೆ ಮತ ಬೇಕಾದರೆ ಸ್ವಂತ ತಂದೆಗೇ ತಾನು ಬಾಡಿಗೆದಾರನೆಂದು ತೋರಿಸಬೇಕು. ಹಾಗಾದರೆ ಆ ಕೋಣೆ ನಿನ್ನೊಬ್ಬನದೋ, ತಮ್ಮನೂ ಅಲ್ಲೇ ಮಲಗುವನೋ ಎಂಬ ವಿಚಾರಣೆ. ಬೀದಿಬಾಗಿಲ ಬೀಗದಕೈ ಯಾರ ಬಳಿ ಇದೆ ಎಂಬುದೂ ನ್ಯಾಯಾಲಯದ ಚರ್ಚೆಯ ವಿಷಯವಾಯಿತು. ಮಾಲೀಕ ಅದೇ ಮನೆಯಲ್ಲಿ ವಾಸವಿಲ್ಲದೆ, ಬಾಡಿಗೆದಾರ ತನ್ನದೇ ಬೀಗದಕೈ ಇಟ್ಟುಕೊಂಡು ಸ್ವತಂತ್ರವಾಗಿ ಓಡಾಡುವಂತಿದ್ದರೆ ಅವನನ್ನು ಮನೆವಾಸಿಯೆಂದೇ ಎಣಿಸಬಹುದು ಎಂಬ ತೀರ್ಪು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬಂತು. ಅಂಥವರಿಗೆ 'ಬೀಗದಕೈ ಮತದಾರರು' ಎಂಬ ಹೆಸರೇ ಬಿತ್ತು. ಗಂಡಸರ ಮಟ್ಟಿಗೆ ಈ ಜಂಜಾಟ ಬಹುಮಟ್ಟಿಗೆ ಮುಗಿದದ್ದು 1918ರಲ್ಲಿ. ಅದೇ ಕಾಯಿದೆ ಮೂವತ್ತು ದಾಟಿದ ಹೆಂಗಸರಿಗೆ ಮತ ಕೊಟ್ಟರೂ, ಅವರು ತಾವಾಗಲಿ ತಮ್ಮ ಗಂಡನಾಗಲಿ ಮನೆ ಅಥವಾ ಜಾಗ ಹೊಂದಿರಬೇಕೆಂಬ ಷರತ್ತು ಹಾಕಿತು. ಹೀಗಾಗಿ ತಂದೆಯ ಮನೆಯಲ್ಲಿದ್ದ ಮಗಳು, ಒಡೆಯರ ಮನೆಯಲ್ಲೇ ಉಳಿದಿದ್ದ ಕೆಲಸದಾಕೆ ಇಬ್ಬರೂ 1928ರವರೆಗೆ ಕಾಯಬೇಕಾಯಿತು.

ಇಂಗ್ಲಿಷರು ಇದೇ ಅಳತೆಗೋಲನ್ನು ಭಾರತಕ್ಕೂ ತಂದರು. ಆದರೆ ಇಲ್ಲಿ ಅವರಿಗೆ ಎದುರಾದದ್ದು ಕೋಣೆವಾಸಿಗಿಂತ ಹೆಚ್ಚಾಗಿ ಅವಿಭಕ್ತ ಕುಟುಂಬ. 1919ರ ಸುಧಾರಣೆಗಳಂತೆ ಮತ ಬರುತ್ತಿದ್ದುದು ಮುಖ್ಯವಾಗಿ ಕಂದಾಯ, ತೆರಿಗೆ, ಆಸ್ತಿಗಳ ಆಧಾರದಿಂದ. ಆಸ್ತಿ ಅಣ್ಣತಮ್ಮಂದಿರಿಗೆಲ್ಲ ಸೇರಿದ್ದಾದರೆ? ಆಗ ಕುಟುಂಬವನ್ನೇ ಒಂದು ಘಟಕವೆಂದು ತಿಳಿಯಬೇಕು, ಹಿಂದೂ ಅವಿಭಕ್ತ ಕುಟುಂಬದಲ್ಲಿ ಅದರ ಯಜಮಾನನೇ ಮತದಾರ ಎಂದು ನಿಯಮ ಹೇಳಿತು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬಿಜಾಪುರಗಳ ಕೂಡುಮನೆಗಳಿಗೂ, ಮದರಾಸಿಗೆ ಸೇರಿದ್ದ ಬಳ್ಳಾರಿ, ದಕ್ಷಿಣ ಕನ್ನಡದ ಮನೆತನಗಳಿಗೂ ಮತದಾರರ ಪಟ್ಟಿ ಮೊದಲು ಬಂದದ್ದು ಇಂತಹ ಲೆಕ್ಕಾಚಾರದೊಂದಿಗೆ. ಬೇರೆಯಾಗಿ ಸ್ವಂತ ಆಸ್ತಿಯಾಗಲಿ ಅರ್ಹತೆಯಾಗಲಿ ಇಲ್ಲದ ತಮ್ಮನಿಗೆ ಅಣ್ಣನ ಮತವೇ ತನ್ನ ಮತ.

1935ರ ಕಾಯಿದೆ ಮತದಾರರ ಸಂಖ್ಯೆಯನ್ನು ಮೂರು ಕೋಟಿಯ ಆಚೆಗೆ ಒಯ್ದಿತು. ವಿದ್ಯೆಯ ಬಲದಿಂದ ಕೆಲವರು ಬಂದರು. ಗಂಡನ ಆಸ್ತಿಯ ಬಲದಿಂದ ಕೆಲವು ಹೆಂಗಸರು ಬಂದರು. ಹಾಗೆ ಬರಲು ಹಲವು ಕಡೆ ಹೆಂಡತಿ ತಾನಾಗಿ ಅರ್ಜಿ ಕೊಡಬೇಕಿತ್ತು. ಹೊಸ್ತಿಲು ದಾಟಿ ಕಚೇರಿಗೆ ಅರ್ಜಿ ಕಳಿಸುವ ಹೆಂಗಸರು ಆ ಕಾಲದಲ್ಲಿ ಎಷ್ಟಿದ್ದಾರು?

ಈ ಕಟ್ಟನ್ನು ಬಿಚ್ಚಿದ್ದು ಸ್ವತಂತ್ರ ಭಾರತ. ಸಂವಿಧಾನ ಇನ್ನೂ ಕರಡಿನಲ್ಲಿದ್ದಾಗಲೇ ಮತದಾರರ ಪಟ್ಟಿಯ ಸಿದ್ಧತೆ ಆರಂಭವಾಯಿತೆಂಬುದು ಅನೇಕರಿಗೆ ತಿಳಿಯದ ಸಂಗತಿ. ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಆಗ ಸಂವಿಧಾನ ಸಭೆಯ ಸಲಹೆಗಾರರು. ಅವರ ಮಾರ್ಗದರ್ಶನದಲ್ಲಿ ನಡೆಯುತ್ತಿದ್ದ ಸಭೆಯ ಕಾರ್ಯಾಲಯ 1948ರ ಮಾರ್ಚಿಯಲ್ಲಿ ಪ್ರಾಂತಗಳಿಗೂ ಸಂಸ್ಥಾನಗಳಿಗೂ ಸೂಚನೆ ಕಳಿಸಿತು. 21 ವರ್ಷ ತುಂಬಿದ, 180 ದಿನ ಒಂದೆಡೆ ವಾಸವಾಗಿದ್ದ ಪ್ರತಿಯೊಬ್ಬರ ಹೆಸರನ್ನೂ ಬರೆಯಬೇಕು. ಆಸ್ತಿ ಕೇಳುವಂತಿಲ್ಲ, ಅಕ್ಷರ ಕೇಳುವಂತಿಲ್ಲ.

ಮನೆ ಹೀಗೆ ತನ್ನ ಅಧಿಕಾರ ಕಳೆದುಕೊಂಡಿತು. ಆದರೆ ಮನೆಯನ್ನು ಬಿಟ್ಟು ಪಟ್ಟಿ ಬರೆಯುವಂತೆಯೂ ಇರಲಿಲ್ಲ. ಮತದಾರನನ್ನು ಹುಡುಕಲು ವಿಳಾಸ ಬೇಕಲ್ಲ! ದೇಶವಿಭಜನೆಯಲ್ಲಿ ಮನೆಯನ್ನೇ ಕಳೆದುಕೊಂಡು ಬಂದ ನಿರಾಶ್ರಿತರು ಶಿಬಿರಗಳಲ್ಲಿ, ನೆಂಟರ ಮನೆಗಳ ಜಗಲಿಗಳಲ್ಲಿ ತುಂಬಿದ್ದರು. ಅವರು 180 ದಿನದ ಲೆಕ್ಕ ಕೊಡುವುದೆಲ್ಲಿಂದ? ಇಂತಲ್ಲಿ ನೆಲೆಸುವ ಉದ್ದೇಶವಿದೆ ಎಂದು ಅವರು ಹೇಳಿಕೆ ಕೊಟ್ಟರೆ ಸಾಕು, ಹೆಸರು ಬರೆದುಕೊಳ್ಳಿ ಎಂದು ತೀರ್ಮಾನವಾಯಿತು. ಇಂಗ್ಲೆಂಡಿನ ಕೋಣೆವಾಸಿಯ ಬೀಗದಕೈ ಪರೀಕ್ಷೆಗೂ ಇದಕ್ಕೂ ಇರುವ ಅಂತರ ದೊಡ್ಡದು. ಅಲ್ಲಿ ಸಂಶಯ ಬಂದರೆ ಹೆಸರು ಹೊರಗೆ. ಇಲ್ಲಿ ಕಷ್ಟದಲ್ಲಿದ್ದವನ ಮಾತೇ ಆಧಾರ.

ಆದರೂ ಹಳೆಯ ಮನೆ ಸುಲಭವಾಗಿ ಸೋಲಲಿಲ್ಲ. ಬಾಗಿಲಿಗೆ ಬಂದ ಗಣತಿಯವನಿಗೆ ಅನೇಕ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ, ಇಂಥವರ ಮಗಳು ಎಂದಷ್ಟೇ ಪಟ್ಟಿಗೆ ಬಂತು. ಮನೆಯ ಲೆಕ್ಕಕ್ಕೆ ಅಷ್ಟು ಸಾಕಿತ್ತು. ಮನುಷ್ಯರ ಲೆಕ್ಕಕ್ಕೆ ಸಾಲದು ಎಂದರು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಸ್ವಂತ ಹೆಸರು ಹೇಳಲು ಅವಕಾಶ ಕೊಟ್ಟ ಮೇಲೂ ಹೇಳದವರ ನಮೂದುಗಳನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಹೀಗೆ ಹೊರಗುಳಿದ ಹೆಂಗಸರು ಸುಮಾರು 28 ಲಕ್ಷ. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನಗಳಂಥ ಉತ್ತರದ ಸೀಮೆಯವರು. 17 ಕೋಟಿಗೂ ಹೆಚ್ಚು ಮತದಾರರಿದ್ದ 1951-52ರ ಮೊದಲ ಮಹಾಚುನಾವಣೆ ಇವರಿಲ್ಲದೆ ನಡೆಯಿತು. ಈ ಕ್ರಮ ಕಠೋರವೆಂದು ಅನ್ನಿಸಬಹುದು. ಆದರೆ ಹೆಂಗಸಿನ ಮತಕ್ಕೆ ಅವಳದೇ ಹೆಸರಿರಬೇಕು ಎಂಬ ತತ್ತ್ವ ಗಟ್ಟಿಯಾದದ್ದು ಇಲ್ಲಿಂದಲೇ.

1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಮನೆ-ಮತಗಳ ನಂಟನ್ನು ಒಂದು ಸರಳ ಮಾತಿನಲ್ಲಿ ತೀರ್ಮಾನಿಸಿದೆ. ಕ್ಷೇತ್ರದಲ್ಲಿ 'ಸಾಮಾನ್ಯವಾಗಿ ವಾಸವಾಗಿರುವವನು' ಅಲ್ಲಿಯ ಮತದಾರ. ಮನೆಯ ಒಡೆತನ ಇದೆ ಅಥವಾ ಮನೆ ತನ್ನ ಸ್ವಾಧೀನದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿಯ ವಾಸಿಯೆಂದು ತಿಳಿಯಲಾಗದು ಎಂದು ಅದರ 20ನೆಯ ಕಲಮು ಹೇಳುತ್ತದೆ. ಕೆಲಕಾಲ ಊರಿಂದ ಹೊರಗೆ ಹೋದವನು ಅಷ್ಟರಿಂದಲೇ ವಾಸ ಕಳೆದುಕೊಳ್ಳುವುದಿಲ್ಲ. ಮೊದಲಿದ್ದ 180 ದಿನದ ಲೆಕ್ಕವೂ ಮುಂದೆ ತಿದ್ದುಪಡಿಯಲ್ಲಿ ಹೋಯಿತು. ಮತದ ವಯಸ್ಸು 1989ರಿಂದ 18ಕ್ಕೆ ಇಳಿಯಿತು. ಒಬ್ಬನ ಹೆಸರು ಎರಡು ಕಡೆ ಇರುವಂತಿಲ್ಲ ಎಂಬ ಕಟ್ಟಳೆ ಮಾತ್ರ ಅಂದಿನಿಂದ ಇಂದಿನವರೆಗೂ ಹಾಗೆಯೇ ಇದೆ.

ಕಾಯಿದೆ ಇಷ್ಟು ಸ್ಪಷ್ಟವಾಗಿದ್ದರೂ ಜನರ ಮನಸ್ಸಿನಲ್ಲಿ ಹಳೆಯ ಯಜಮಾನ ಇನ್ನೂ ಕುಳಿತಿದ್ದಾನೆ. ಬೆಂಗಳೂರಿನ ವಠಾರಗಳು ಕಡಿಮೆಯಾಗಿ ಪಿ.ಜಿ.ಗಳೂ ಬಾಡಿಗೆ ಕೋಣೆಗಳೂ ಎದ್ದಿವೆ. ಒಂದು ಫ್ಲ್ಯಾಟಿನಲ್ಲಿ ನಾಲ್ಕೂರಿನ ನಾಲ್ವರು ಕೂಡಿ ಬಾಡಿಗೆ ಕಟ್ಟುತ್ತಾರೆ. ಕರಾರುಪತ್ರ ಒಬ್ಬನ ಹೆಸರಿನಲ್ಲಿ, ವಿದ್ಯುತ್ ಬಿಲ್ಲು ಮಾಲೀಕನ ಹೆಸರಿನಲ್ಲಿ. ಮಾಲೀಕ ಒಪ್ಪದೆ ಹೆಸರು ಸೇರಿಸಲಾಗದೆಂದು ಉಳಿದವರು ಸುಮ್ಮನಿರುತ್ತಾರೆ. ಪಟ್ಟಿಗೆ ಸೇರಿದ ಬಾಡಿಗೆದಾರ ನಾಳೆ ಮನೆಯ ಮೇಲೆ ಹಕ್ಕು ಹೇಳಿಯಾನೆಂದು ಮಾಲೀಕನೂ ಅಂಜುತ್ತಾನೆ. ಎರಡೂ ತಪ್ಪು ತಿಳಿವಳಿಕೆ. ಪಟ್ಟಿಯ ಹೆಸರು ಆಸ್ತಿಯ ಹಕ್ಕು ಕೊಡುವುದಿಲ್ಲ. ನಮೂನೆ 6ರ ಅರ್ಜಿಗೆ ಮಾಲೀಕನ ಸಹಿಯೂ ಬೇಕಿಲ್ಲ. ವಾಸದ ದಾಖಲೆ ಇಲ್ಲದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ ಸ್ಥಳಕ್ಕೆ ಬಂದು ವಿಚಾರಿಸಬೇಕು. ವಿದ್ಯಾರ್ಥಿನಿಲಯದಲ್ಲಿರುವವರು ಊರಿನ ಮನೆಯ ವಿಳಾಸವನ್ನೋ ನಿಲಯದ ವಿಳಾಸವನ್ನೋ ಆರಿಸಿಕೊಳ್ಳಬಹುದು. ಬೇರೆಡೆ ಈಗಾಗಲೇ ಹೆಸರಿರುವವರು ವಿಳಾಸ ಬದಲಿಸಲು ನಮೂನೆ 8 ಕೊಡಬೇಕು.

ಈ ತೊಡಕು ಹೆಚ್ಚು ಕಾಡುವುದು ಮದುವೆಯಾದ ಹೆಣ್ಣುಮಕ್ಕಳನ್ನು. ತವರಿನ ಪಟ್ಟಿಯಿಂದ ಹೆಸರು ಹೋಗಿ, ಗಂಡನ ಮನೆಯ ಪಟ್ಟಿಗೆ ಇನ್ನೂ ಬಾರದೆ, ಎರಡು ಮನೆಗಳ ನಡುವೆ ಮತ ಕಳೆದುಹೋಗುವುದುಂಟು. ಇನ್ನೊಂದು ಕಡೆ, ಒಂದೇ ಬಾಗಿಲ ಸಂಖ್ಯೆಯಡಿ ಹತ್ತಾರು ಹೆಸರು ಕಂಡರೆ ಕಳ್ಳಮತದ ಶಂಕೆ ಏಳುತ್ತದೆ. ಶಂಕೆ ನಿಜವಿದ್ದೀತು, ಪರಿಶೀಲನೆಯೂ ಬೇಕು, ಸುಳ್ಳು ಘೋಷಣೆಗೆ ಕಾಯಿದೆಯಲ್ಲಿ ಶಿಕ್ಷೆಯೂ ಇದೆ. ಆದರೆ ಎಣಿಕೆಯೊಂದರಿಂದಲೇ ಅಪರಾಧ ಸಿದ್ಧವಾಗದು. ಕೂಡುಮನೆ, ವಠಾರ, ಪಿ.ಜಿ.ಗಳಲ್ಲಿ ಬಾಗಿಲು ಒಂದೇ, ಬದುಕು ಹಲವು.

ಮನೆಯೇ ಇಲ್ಲದವರಿಗೂ ಈ ದೇಶದಲ್ಲಿ ಮತವಿದೆ. ಪಾದಚಾರಿ ಮಾರ್ಗದಲ್ಲೋ ಸೇತುವೆಯ ಕೆಳಗೋ ಮಲಗುವವರು ಅರ್ಜಿ ಹಾಕಿದರೆ ಅವರಿಂದ ವಾಸದ ದಾಖಲೆ ಕೇಳುವಂತಿಲ್ಲ. ಅಧಿಕಾರಿಯೇ ರಾತ್ರಿ ಹೊತ್ತು ಆ ಜಾಗಕ್ಕೆ ಹೋಗಿ, ಅರ್ಜಿದಾರ ನಿಜವಾಗಿ ಅಲ್ಲಿ ಮಲಗುತ್ತಾನೆಯೇ ಎಂದು ನೋಡಿ ಬರಬೇಕೆಂಬುದು ಚುನಾವಣಾ ಆಯೋಗದ ನಿಯಮ. ಒಂದು ಕಾಲಕ್ಕೆ ಬೀಗದಕೈ ಕೇಳಿದ ವ್ಯವಸ್ಥೆ, ಇಂದು ಬಾಗಿಲೇ ಇಲ್ಲದವನನ್ನು ಅವನು ಮಲಗಿರುವಲ್ಲಿಗೇ ಬಂದು ಗುರುತಿಸಬೇಕಾಗಿದೆ.